ಹುಳಿಸಿಹಿ ಸಲಾಡ್ ಡ್ರೆಸ್ಸಿಂಗ್: ಆರು ಬಾಟಲಿಗಳ ಲೆಕ್ಕ

ಈ ಕೆಲಸ ಆರಂಭವಾದದ್ದು ಒಂದು ಖಾಲಿ ಬಾಟಲಿಯಿಂದ. ನಮ್ಮ ಸೊಸೆ ರಾತ್ರಿಯ ಊಟಕ್ಕೆ ಮುದ್ದೆ, ಅನ್ನ ಎರಡನ್ನೂ ಬಿಟ್ಟು ಹಸಿ ತರಕಾರಿಯನ್ನು ಹೆಚ್ಚಿಕೊಂಡು ತಿನ್ನುವ ಅಭ್ಯಾಸ ಮಾಡಿಕೊಂಡ ಮೇಲೆ, ಅದರ ಮೇಲೆ ಸುರಿದುಕೊಳ್ಳುವ ಡ್ರೆಸ್ಸಿಂಗಿನ ಬಾಟಲಿ ನಮ್ಮ ಮನೆಯ ತಿಂಗಳ ಸಾಮಾನಿನ ಚೀಟಿಯಲ್ಲಿ ಕಾಣಿಸಿಕೊಂಡಿತು. ಮೂರನೆಯ ಬಾಟಲಿ ಖಾಲಿಯಾದ ದಿನ ಅದನ್ನು ತೊಳೆಯುವಾಗ ಹಿಂಬದಿಯ ಅಕ್ಷರಗಳನ್ನು ಓದಿದೆ. ಪೊಟ್ಟಣದ ಆಹಾರದಲ್ಲಿ ಯಾವುದು ಹೆಚ್ಚು ತೂಕದ್ದೋ ಅದನ್ನು ಮೊದಲು ಮುದ್ರಿಸಬೇಕೆಂಬ ನಿಯಮವಿದೆ. ಆ ಬಾಟಲಿಯಲ್ಲಿ ಮೊದಲ ಹೆಸರು ನೀರು, ಎರಡನೆಯದು ಸಕ್ಕರೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮಂಡ್ಯದಲ್ಲಿ ವಾಸವಾಗಿದ್ದು, ಮನೆಯ ಮುಂದಿನ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಹೋಗುವುದನ್ನು ನೋಡುತ್ತಾ, ಬಾಟಲಿಯಲ್ಲಿ ಸಕ್ಕರೆ ನೀರನ್ನು ದುಡ್ಡು ಕೊಟ್ಟು ತರುತ್ತಿದ್ದೇವೆ ಎಂಬುದು ಸ್ವಲ್ಪ ನಾಚಿಕೆಯ ಸಂಗತಿಯಾಗಿ ಕಂಡಿತು. ಡ್ರೆಸ್ಸಿಂಗನ್ನು ಮನೆಯಲ್ಲಿಯೇ ಮಾಡಲು ಹೊರಟೆ.

ನಾನು ಪಾಲಿಟೆಕ್ನಿಕ್ ಒಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು; ಅಡುಗೆ ನನ್ನ ವಿದ್ಯೆಯಲ್ಲ. ಆದರೆ ತೂಗುವುದು, ಸೋಸುವುದು, ಕಲಕುವುದು, ಬರೆದಿಡುವುದು ಇವು ಕೈಗೆ ರೂಢಿಯಾಗಿವೆ. ಆದ್ದರಿಂದ ಪ್ರತಿ ಸಲ ಮಾಡಿದ್ದನ್ನು ಒಂದು ಹಳೆಯ ಡೈರಿಯಲ್ಲಿ ಗುರುತು ಹಾಕಿಕೊಂಡೆ. ಈ ಬರಹ ಆ ಡೈರಿಯ ವಿಸ್ತರಣೆ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ, ಕಲ್ಲಿನ ಕುಟ್ಟಾಣಿ, ಅಂಗೈ ಅಗಲದ ಸಣ್ಣ ಕಡಗೋಲು, ಕಾಲು ಲೀಟರಿನ ಗಾಜಿನ ಬಾಟಲಿಗಳು, ಸೋಸಲು ತೆಳ್ಳನೆಯ ಹತ್ತಿ ಬಟ್ಟೆ, ಮತ್ತು ಹುಳಿಯನ್ನು ಅಳೆಯಲು ಪಿಎಚ್ ಕಾಗದದ ಒಂದು ಪುಟ್ಟ ಪುಸ್ತಕ. ಕೊನೆಯದು ಅನಿವಾರ್ಯವಲ್ಲ, ಆದರೆ ಬೆಳ್ಳುಳ್ಳಿ ಹಾಕುವವರಿಗೆ ಅದರ ಉಪಯೋಗವಿದೆ, ಮುಂದೆ ಹೇಳುತ್ತೇನೆ.

ಬಾಟಲಿ 1

ಮೊದಲನೆಯದನ್ನು ಪುಸ್ತಕದ ಲೆಕ್ಕದಂತೆ ಮಾಡಿದೆ. ಫ್ರೆಂಚರ ಅಡುಗೆಯಲ್ಲಿ ವಿನೆಗ್ರೆಟ್ ಎಂಬ ಸರಳ ಡ್ರೆಸ್ಸಿಂಗಿಗೆ ಮೂರು ಪಾಲು ಎಣ್ಣೆ, ಒಂದು ಪಾಲು ಹುಳಿ ಎಂಬುದು ಹಳೆಯ ಪ್ರಮಾಣ. ವಿನೆಗರಿನ ಬದಲು ನಿಂಬೆರಸ 40 ಮಿಲಿಲೀಟರ್, ಕಡಲೆಕಾಯಿ ಎಣ್ಣೆ 120 ಮಿಲಿಲೀಟರ್, ಎರಡು ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಎಲ್ಲವನ್ನೂ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಒಂದು ನಿಮಿಷ ಬಲವಾಗಿ ಕುಲುಕಿದೆ. ಮೇಜಿನ ಮೇಲಿಟ್ಟು ಗಡಿಯಾರ ನೋಡಿದರೆ ಎರಡು ನಿಮಿಷ ಮುಗಿಯುವುದರೊಳಗೆ ಎಣ್ಣೆ ಮೇಲೆ, ನಿಂಬೆರಸ ಕೆಳಗೆ. ಬಾಟಲಿಯ ತಳದಲ್ಲಿ ಸಕ್ಕರೆಯ ಹರಳುಗಳು ಹಾಗೆಯೇ ಕುಳಿತಿದ್ದವು.

ಇದರಲ್ಲಿ ಎರಡು ತಪ್ಪುಗಳಿದ್ದವು. ಸಕ್ಕರೆಯಾಗಲಿ ಉಪ್ಪಾಗಲಿ ಎಣ್ಣೆಯಲ್ಲಿ ಕರಗುವುದಿಲ್ಲ. ಅವು ಕರಗಬೇಕಾದದ್ದು ಹುಳಿಯ ನೀರಿನಲ್ಲಿ, ಅದೂ ಎಣ್ಣೆ ಬೀಳುವ ಮೊದಲು. ಎಲ್ಲವನ್ನೂ ಒಟ್ಟಿಗೆ ಸುರಿದಾಗ ಹರಳಿಗೆ ಎಣ್ಣೆಯ ಪೊರೆ ಹಿಡಿದು ನೀರು ಅದನ್ನು ಮುಟ್ಟುವುದೇ ತಡವಾಗುತ್ತದೆ. ಎರಡನೆಯ ತಪ್ಪು ಪ್ರಮಾಣದ್ದು. ಮೂರಕ್ಕೆ ಒಂದರ ಲೆಕ್ಕ ತೆಳ್ಳನೆಯ ಹಸಿರೆಲೆಗಳಿಗೆ ಹೊಂದುತ್ತದೆ. ನಮ್ಮ ತಟ್ಟೆಯಲ್ಲಿದ್ದದ್ದು ಸೌತೆಕಾಯಿ, ಕ್ಯಾರೆಟ್, ಮೂಲಂಗಿ, ನೆನೆದ ಹೆಸರುಬೇಳೆ. ಇವುಗಳ ಮೇಲೆ ಅಷ್ಟು ಎಣ್ಣೆ ಬಿದ್ದರೆ ಒಗ್ಗರಣೆಯಲ್ಲಿ ಸಾಸಿವೆ ಹಾಕುವುದನ್ನು ಮರೆತಂತೆ ಕಾಣುತ್ತದೆ. ಸೊಸೆ ಒಂದು ಚಮಚ ಬಾಯಿಗಿಟ್ಟು, "ಮಾವ, ತುಟಿಗೆ ಹಚ್ಕೋಬೋದು," ಎಂದಳು.

ಬಾಟಲಿ 2

ಎರಡನೆಯ ಸಲ ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಹಿಡಿದೆ. ಇಲ್ಲಿ ಬೆಲ್ಲದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಡ್ರೆಸ್ಸಿಂಗಿನ ಬಣ್ಣ ಮತ್ತು ರುಚಿಯ ಅರ್ಧ ಭಾಗ ಇಲ್ಲಿಯೇ ತೀರ್ಮಾನವಾಗುತ್ತದೆ. ನಮ್ಮ ಹಿಂದಿನ ಬೀದಿಯವರೊಬ್ಬರು ಪಾಂಡವಪುರದ ಕಡೆ ಆಲೆಮನೆ ನಡೆಸುತ್ತಾರೆ. ಬೆಲ್ಲ ಕೇಳಲು ಹೋದಾಗ ಅವರು ಎರಡು ಅಚ್ಚುಗಳನ್ನು ಮುಂದಿಟ್ಟರು: ಒಂದು ಬೆಣ್ಣೆಯಂತೆ ಹಳದಿ, ಇನ್ನೊಂದು ಹುರಿದ ಕಾಫಿ ಬೀಜದ ಬಣ್ಣದ್ದು. ಯಾವುದನ್ನು ಕೊಳ್ಳಲಿ ಎಂದರೆ ಅವರು ನಕ್ಕು, "ಬೆಳ್ಳಗಿರೋದು ಪ್ಯಾಟೆಯೋರ್ಗೆ ಸಾ, ಕರ್ರಗಿರೋದು ಮನೆಗೆ," ಎಂದರು. ಕುದಿಯುವ ಕೊಪ್ಪರಿಗೆಗೆ ಸುಣ್ಣದ ತಿಳಿ ಮತ್ತು ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುವುದು ಹಳೆಯ ಕ್ರಮ. ಬೆಲ್ಲ ಬೆಳ್ಳಗಾಗಲಿ ಎಂದು ಹೈಡ್ರೋಸ್ ಪುಡಿ, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕುವುದು ಪೇಟೆಯ ಬೇಡಿಕೆಗಾಗಿ ಬಂದದ್ದು. ನಾನು ಕಪ್ಪನೆಯದನ್ನೇ ತಂದೆ.

ಬೆಲ್ಲವನ್ನು ನೇರವಾಗಿ ಹಾಕುವ ಹಾಗಿಲ್ಲ. ಅದರಲ್ಲಿ ಕಬ್ಬಿನ ನಾರು, ಕೆಲವೊಮ್ಮೆ ಮರಳು ಇರುತ್ತದೆ, ಮತ್ತು ಮರಳಿನ ಒಂದು ಕಣ ಹಲ್ಲಿಗೆ ಸಿಕ್ಕರೆ ಇಡೀ ತಟ್ಟೆ ಕೆಟ್ಟಂತೆ. 100 ಗ್ರಾಂ ಬೆಲ್ಲವನ್ನು ಜಜ್ಜಿ, 60 ಮಿಲಿಲೀಟರ್ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, ಒಂದೇ ಒಂದು ಕುದಿ ಬಂದೊಡನೆ ಇಳಿಸಿ, ಬಟ್ಟೆಯಲ್ಲಿ ಸೋಸಿದೆ. ಎಳೆಪಾಕದವರೆಗೆ ಹೋಗಬಾರದು, ಪಾಕ ಗಟ್ಟಿಯಾದರೆ ಫ್ರಿಜ್ಜಿನ ತಂಪಿಗೆ ಇನ್ನೂ ದಪ್ಪಗಾಗಿ ಉಳಿದ ರಸಗಳೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ. ಬೆರಳ ನಡುವೆ ಹಿಡಿದರೆ ಅಂಟಬೇಕು, ಎಳೆ ಬರಬಾರದು.

ಹುಳಿಗೆ ಈ ಸಲ ಹುಣಸೆಹಣ್ಣು. 40 ಗ್ರಾಂ ಹಣ್ಣನ್ನು 100 ಮಿಲಿಲೀಟರ್ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕಿವುಚಿ, ಹಿಪ್ಪೆಯನ್ನು ಹಿಂಡಿ ತೆಗೆದು, ರಸವನ್ನು ಸೋಸಿಕೊಂಡೆ. ಹುಣಸೆಯ ಹುಳಿ ನಿಂಬೆಯ ಹುಳಿಯಲ್ಲ. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಅದು ನಾಲಿಗೆಯ ತುದಿಗೆ ಥಟ್ಟನೆ ತಾಗಿ ಬೇಗ ಮಾಯವಾಗುತ್ತದೆ. ಹುಣಸೆಯಲ್ಲಿ ಮುಖ್ಯವಾಗಿರುವುದು ಟಾರ್ಟಾರಿಕ್ ಆಮ್ಲ. ಅದರ ಹುಳಿ ನಿಧಾನವಾಗಿ ಏರಿ, ಗಂಟಲಿನವರೆಗೆ ಉಳಿಯುತ್ತದೆ. ಇದಲ್ಲದೆ ಹುಣಸೆಯ ತಿರುಳಿನಲ್ಲಿ ಪೆಕ್ಟಿನ್ ಇರುವುದರಿಂದ ರಸ ತಾನೇ ಸ್ವಲ್ಪ ದಪ್ಪಗಿರುತ್ತದೆ, ಮತ್ತು ದಪ್ಪಗಿರುವ ದ್ರವದಲ್ಲಿ ಎಣ್ಣೆಯ ಹನಿಗಳು ಮೇಲೇರುವುದು ನಿಧಾನ. ಬೆಲ್ಲದ ಪಾಕ, ಹುಣಸೆರಸ, ಉಪ್ಪು, ಸ್ವಲ್ಪ ಶುಂಠಿರಸ ಎಲ್ಲವನ್ನೂ ಕರಗಿಸಿ, ಆಮೇಲೆ ಅಷ್ಟೇ ಪ್ರಮಾಣದ ಎಣ್ಣೆಯನ್ನು ಸೇರಿಸಿ ಕುಲುಕಿದಾಗ ಇದು ಹದಿನೆಂಟು ನಿಮಿಷ ಬೇರೆಯಾಗದೆ ನಿಂತಿತು.

ರುಚಿ ನೋಡಿದ ನನ್ನ ಪತ್ನಿ ಹೇಳಿದ ಮಾತು ಈ ಇಡೀ ಕೆಲಸದ ದಿಕ್ಕನ್ನು ಬದಲಿಸಿತು. "ಇದು ಪಾನಕ ಕಣ್ರೀ. ಪಾನಕಕ್ಕೆ ಎಣ್ಣೆ ಹುಯ್ದಿದ್ದೀರ," ಎಂದಳು. ಮಾತು ನಿಜ. ರಾಮನವಮಿಯ ದಿನ ಬೆಲ್ಲ, ಹುಳಿ, ಶುಂಠಿ ಸೇರಿಸಿ ಪಾನಕ ಮಾಡಿ, ಅದರ ಪಕ್ಕದಲ್ಲಿಯೇ ಕೋಸಂಬರಿ ಇಟ್ಟು ಹಂಚುವ ನಮಗೆ ಹುಳಿಸಿಹಿಯ ಹದವನ್ನು ಯಾರೂ ಕಲಿಸಬೇಕಾಗಿಲ್ಲ. ಗೊಜ್ಜು ಮಾಡುವ ಪ್ರತಿ ಮನೆಯಲ್ಲಿಯೂ ಆ ಹದ ಕೈಯಲ್ಲಿದೆ. ಪಾನಕವನ್ನು ಲೋಟದಲ್ಲಿಟ್ಟುಕೊಂಡು ಕೋಸಂಬರಿಯನ್ನು ದೊನ್ನೆಯಲ್ಲಿಟ್ಟುಕೊಂಡು ತಿನ್ನುವ ಬದಲು, ಒಂದನ್ನು ಇನ್ನೊಂದರ ಮೇಲೆ ನಿಲ್ಲುವಂತೆ ಮಾಡಬೇಕಾದರೆ ಮಾತ್ರ ಹೊಸ ವಿದ್ಯೆ ಬೇಕು, ಮತ್ತು ಆ ವಿದ್ಯೆ ಇರುವುದು ಎಣ್ಣೆಯನ್ನೂ ನೀರನ್ನೂ ಒಟ್ಟಿಗೆ ಹಿಡಿದಿಡುವುದರಲ್ಲಿ. ಆ ದಿನದಿಂದ ರುಚಿಯ ವಿಷಯವನ್ನು ಪತ್ನಿಗೆ ಬಿಟ್ಟು, ನಾನು ಎಣ್ಣೆಯ ಹಿಂದೆ ಬಿದ್ದೆ.

ಈ ಬಾಟಲಿಯಲ್ಲಿ ಇನ್ನೊಂದು ದೋಷವಿತ್ತು. ಕಪ್ಪು ಬೆಲ್ಲ, ಹಳೆಯ ಹುಣಸೆ ಎರಡೂ ಸೇರಿ ಸೌತೆಕಾಯಿಯ ಮೇಲೆ ನಾಲೆಯ ಹೊಸ ನೀರು ಹರಿದಂತೆ ಕಾಣುತ್ತಿತ್ತು. ಹುಣಸೆ ಹಳೆಯದಾದಷ್ಟೂ ಕಪ್ಪಾಗುತ್ತದೆ. ಬೇಸಿಗೆಯ ಆರಂಭದಲ್ಲಿ ಬರುವ ಹೊಸ ಹುಣಸೆಗೆ ಕೆಂಪು ಕಂದು ಬಣ್ಣವಿರುತ್ತದೆ. ಹುಳಿಯ ಅರ್ಧವನ್ನು ನಿಂಬೆಗೆ ಕೊಟ್ಟು, ಉಳಿದರ್ಧಕ್ಕೆ ಹೊಸ ಹುಣಸೆ ಹಾಕುವುದೆಂದು ತೀರ್ಮಾನಿಸಿದೆ.

ಬಾಟಲಿ 3, ಅಂದರೆ ಸಾಸಿವೆಯ ತಪ್ಪು

ಎಣ್ಣೆಯನ್ನೂ ನೀರನ್ನೂ ಕೂಡಿಸುವ ಮಧ್ಯವರ್ತಿ ಸಾಸಿವೆ ಎಂಬುದು ನನಗೆ ತಿಳಿದಿತ್ತು. ನುಣ್ಣಗೆ ಅರೆದ ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆ ನೀರನ್ನು ಹೀರಿ ಎಣ್ಣೆಯ ಸಣ್ಣ ಹನಿಗಳ ಸುತ್ತ ಪೊರೆಯಾಗಿ ನಿಲ್ಲುತ್ತದೆ, ಒಂದು ಹನಿ ಇನ್ನೊಂದನ್ನು ಮುಟ್ಟಿ ದೊಡ್ಡದಾಗದಂತೆ ತಡೆಯುತ್ತದೆ. ಆಲೆಮನೆಯಲ್ಲಿ ಬೆಂಡೆಯ ಲೋಳೆ ಕಸವನ್ನು ಒಟ್ಟುಗೂಡಿಸಿ ಮೇಲಕ್ಕೆ ತರುತ್ತದೆ. ಇಲ್ಲಿ ಸಾಸಿವೆಯ ಲೋಳೆ ಹನಿಗಳನ್ನು ಬಿಡಿಬಿಡಿಯಾಗಿಟ್ಟು ಮೇಲೇಳದಂತೆ ಹಿಡಿಯುತ್ತದೆ. ಲೋಳೆಯೆಂದರೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಎರಡು ಚಮಚ ಕರಿ ಸಾಸಿವೆಯನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿದೆ. ಆಗ ಒಲೆಯ ಮೇಲಿಂದ ಈಗತಾನೆ ಇಳಿಸಿದ ಬೆಲ್ಲದ ಪಾಕ ಪಕ್ಕದಲ್ಲಿತ್ತು. ಬಿಸಿ ಇರುವಾಗ ಚೆನ್ನಾಗಿ ಬೆರೆಯುತ್ತದೆಂಬ ಅಂದಾಜಿನಿಂದ ಪುಡಿಯನ್ನು ಅದಕ್ಕೇ ಸುರಿದು ಕಲಕಿದೆ. ಹೊಗೆಯಾಡುವ ಪಾಕದಲ್ಲಿ ಪುಡಿ ಕ್ಷಣದಲ್ಲಿ ಒಂದಾಯಿತು, ನೋಡಲು ಬಹಳ ಚೆನ್ನಾಗಿತ್ತು. ಆರಿದ ಮೇಲೆ ನಾಲಿಗೆಗೆ ಹಚ್ಚಿದರೆ ಸಾಸಿವೆಯ ಘಾಟು ಒಂದಿಷ್ಟೂ ಇಲ್ಲ. ಉಳಿದದ್ದು ಹಾಗಲಕಾಯಿಯನ್ನು ನೆನಪಿಸುವ ಕಹಿ.

ಕಾರಣವನ್ನು ಯೋಚಿಸಿದಾಗ ಪ್ರಯೋಗಾಲಯದ ಪಾಠವೇ ನೆನಪಾಯಿತು. ಇಡೀ ಸಾಸಿವೆ ಕಾಳಿಗೆ ಘಾಟಿಲ್ಲ. ಕಾಳಿನಲ್ಲಿ ಸಿನಿಗ್ರಿನ್ ಎಂಬ ಕಹಿ ವಸ್ತು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿರುತ್ತವೆ. ಕಾಳು ಒಡೆದು ನೀರು ಸೇರಿದಾಗ ಕಿಣ್ವವು ಸಿನಿಗ್ರಿನ್ನನ್ನು ಸೀಳಿ, ಮೂಗಿಗೆ ಹತ್ತುವ ಆ ಘಾಟಿನ ವಸ್ತುವನ್ನು ಹೊರಗೆ ಬಿಡುತ್ತದೆ. ಈ ಕೆಲಸಕ್ಕೆ ಕೆಲವು ನಿಮಿಷಗಳು ಬೇಕು. ಬಿಸಿ ತಗುಲಿದರೆ ಕಿಣ್ವ ಕೆಡುತ್ತದೆ, ಸಿನಿಗ್ರಿನ್ನಿನ ಕಹಿ ಹಾಗೆಯೇ ಉಳಿಯುತ್ತದೆ. ಹುಳಿಯನ್ನು ಬೇಗ ಹಾಕಿದರೂ ಕಿಣ್ವದ ಕೆಲಸ ಅಲ್ಲಿಗೇ ಕುಂಠಿತವಾಗುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಸಾಸಿವೆಯ ಪುಡಿಗೆ ಮೊದಲು ತಣ್ಣೀರು ಮಾತ್ರ, ಹತ್ತು ನಿಮಿಷ ಸುಮ್ಮನೆ ಬಿಡುವುದು, ಆಮೇಲೆ ಹುಳಿ, ಕೊನೆಯಲ್ಲಿ ಪೂರ್ತಿ ಆರಿದ ಪಾಕ. ಘಾಟು ಕಡಿಮೆ ಇರಲಿ ಎನ್ನುವವರು ಹತ್ತು ನಿಮಿಷದ ಬದಲು ಮೂರು ನಿಮಿಷಕ್ಕೇ ಹುಳಿ ಸೇರಿಸಬಹುದು. ಮೂರನೆಯ ಬಾಟಲಿ ಯಾರ ತಟ್ಟೆಗೂ ಹೋಗಲಿಲ್ಲ.

ಬಾಟಲಿ 4

ಈ ಸಲ ಸಾಸಿವೆ ಸರಿಯಾಗಿತ್ತು. ಕುಟ್ಟಾಣಿಯಿಂದ ಬಂದ ಘಾಟಿಗೆ ಕಣ್ಣಲ್ಲಿ ನೀರು ಬಂದಾಗ ಸಂತೋಷವೇ ಆಯಿತು. ಬೆಲ್ಲ, ಹುಣಸೆ, ನಿಂಬೆ, ಉಪ್ಪು ಕರಗಿಸಿದ ರಸವನ್ನು ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಹಾಕಿ, ಕಡಗೋಲನ್ನು ಎರಡು ಅಂಗೈ ನಡುವೆ ಹಿಡಿದು ತಿರುಗಿಸಲು ಕುಳಿತೆ. ಈ ಉಪಕರಣದ ಮೇಲೆ ನನಗೊಂದು ಅನುಮಾನವಿತ್ತು: ಕಡಗೋಲು ಇರುವುದೇ ಬೆಣ್ಣೆ ತೆಗೆಯಲು, ಅಂದರೆ ಕೊಬ್ಬನ್ನು ನೀರಿನಿಂದ ಬೇರ್ಪಡಿಸಲು, ಇಲ್ಲಿ ನನಗೆ ಬೇಕಾದದ್ದು ಅದರ ವಿರುದ್ಧ. ಆದರೆ ಮೊಸರಿನಲ್ಲಿರುವ ಕೊಬ್ಬು ಅರೆಗಟ್ಟಿಯಾಗಿರುವುದರಿಂದ ಕಡೆದಾಗ ಒಂದಕ್ಕೊಂದು ಅಂಟಿಕೊಂಡು ಬೆಣ್ಣೆಯಾಗುತ್ತದೆ. ಪೂರ್ತಿ ದ್ರವವಾಗಿರುವ ಎಣ್ಣೆಯನ್ನು, ಸಾಸಿವೆಯ ಲೋಳೆ ಕಾದಿರುವ ನೀರಿನಲ್ಲಿ, ಅದೇ ಕಡಗೋಲು ಚೂರುಚೂರು ಮಾಡುತ್ತದೆ.

ಪತ್ನಿ ಚಮಚದಿಂದ ಎಣ್ಣೆ ಬಿಡುತ್ತಿದ್ದಳು, ನಾನು ಕಡೆಯುತ್ತಿದ್ದೆ. ಮೊದಲ ಹನಿ ಬಿದ್ದಾಗ ಕಂದು ರಸದ ಮೇಲೆ ಅದೊಂದು ಹೊಳೆಯುವ ನಾಣ್ಯದಂತೆ ತೇಲಿತು. ಕಡಗೋಲಿನ ಹಲ್ಲುಗಳ ಸುಳಿಗೆ ಸಿಕ್ಕಿ ಉದ್ದಕ್ಕೆ ಎಳೆದುಕೊಂಡು, ಎರಡಾಗಿ, ನಾಲ್ಕಾಗಿ, ಕಾಣದಂತಾಯಿತು. ಹತ್ತು ಹದಿನೈದು ಹನಿಗಳ ನಂತರ ರಸದ ಬಣ್ಣವೇ ತಿಳಿಯಾಗತೊಡಗಿತು. ಎಣ್ಣೆಯ ಹನಿಗಳು ಸಣ್ಣವಾದಷ್ಟೂ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಕಪ್ಪು ಕಂದು ಬಣ್ಣ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಬೆಲ್ಲದ ಕಪ್ಪಿಗೆ ನಾನು ಹುಡುಕುತ್ತಿದ್ದ ಪರಿಹಾರ ಹೀಗೆ ತಾನಾಗಿ ಸಿಕ್ಕಿತು. ಬಣ್ಣ ತಿಳಿಯಾಗುತ್ತಿದೆ ಎಂದರೆ ಎಣ್ಣೆ ಹಿಡಿಯುತ್ತಿದೆ ಎಂದು ಅರ್ಥ. ಇದಕ್ಕಿಂತ ಒಳ್ಳೆಯ ಗುರುತು ಬೇರೆಯಿಲ್ಲ.

ಅರ್ಧ ಎಣ್ಣೆ ಮುಗಿದಿತ್ತು. ಆಗ ಹೊರಗೆ ಗ್ಯಾಸಿನವನು ಗಂಟೆ ಬಾರಿಸಿದ. ಪತ್ನಿ ಉಳಿದ ಎಣ್ಣೆಯನ್ನು ಒಂದೇ ಸಲ ಸುರಿದು ಎದ್ದು ಹೋದಳು. ನಾನು ಎಷ್ಟು ಬೇಗ ತಿರುಗಿಸಿದರೂ ಮೇಲೆ ಎಣ್ಣೆಯ ಕೆರೆ ನಿಂತಿತು, ಐದು ನಿಮಿಷದಲ್ಲಿ ಪೂರ್ತಿ ಪಾಕ ಒಡೆದ ಹಾಲಿನಂತೆ ಕಣಕಣವಾಗಿ ಬೇರೆಯಾಯಿತು. ತಪ್ಪು ಅವಳದಲ್ಲ, ಎಣ್ಣೆಯನ್ನು ಹಿಡಿಯಲು ಒಬ್ಬ, ಕಡೆಯಲು ಒಬ್ಬ ಎಂಬ ನನ್ನ ವ್ಯವಸ್ಥೆಯೇ ಸರಿಯಿರಲಿಲ್ಲ.

ಒಡೆದದ್ದನ್ನು ಚೆಲ್ಲಬೇಕಾಗಿಲ್ಲ. ಇದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ದುರಸ್ತಿ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಒಡೆದದ್ದನ್ನೇ ಮತ್ತೆ ಎಷ್ಟು ಕಡೆದರೂ ಅದು ಸರಿಹೋಗುವುದಿಲ್ಲ, ಏಕೆಂದರೆ ಲೋಳೆಯ ಪಾಲಿಗೆ ಒಮ್ಮೆಲೇ ಬಂದ ಎಣ್ಣೆ ಹೆಚ್ಚು. ಬೇರೆ ಶುಭ್ರ ಪಾತ್ರೆಯಲ್ಲಿ ಒಂದು ಚಮಚ ಹೊಸ ಸಾಸಿವೆ ಪುಡಿಯನ್ನು ಒಂದು ದೊಡ್ಡ ಚಮಚ ತಣ್ಣೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟೆ. ಆಮೇಲೆ ಒಡೆದ ಮಿಶ್ರಣವನ್ನೇ ಎಣ್ಣೆಯೆಂದು ಭಾವಿಸಿ, ಮೊದಲು ಅರ್ಧ ಚಮಚದಷ್ಟು, ಅದು ಪೂರ್ತಿ ಲೀನವಾದ ಮೇಲೆ ಇನ್ನರ್ಧ ಚಮಚ, ಹೀಗೆ ಹಾಕುತ್ತಾ ಕಡೆದೆ. ಕಾಲು ಭಾಗ ಒಳಗೆ ಹೋದ ಮೇಲೆ ಧಾರೆಯನ್ನು ಸ್ವಲ್ಪ ದಪ್ಪ ಮಾಡಬಹುದು. ಹನ್ನೆರಡು ನಿಮಿಷದಲ್ಲಿ ಮತ್ತೆ ಕಾಫಿಯ ಬಣ್ಣ ಬಂತು. ಸಾಸಿವೆ ಹೆಚ್ಚಾಗಿ ಘಾಟು ತುಸು ಮೇಲಾಯಿತು. ಅದಕ್ಕೆ ಒಂದು ಚಮಚ ಪಾಕ ಸೇರಿಸಿದಾಗ ಸಮವಾಯಿತು. ಈ ದುರಸ್ತಿಯಾದ ಬಾಟಲಿ ಎರಡು ಗಂಟೆ ಹತ್ತು ನಿಮಿಷ ಬೇರೆಯಾಗದೆ ನಿಂತಿತು, ಆಮೇಲೆಯೂ ಕಾಣಿಸಿದ್ದು ಕೂದಲೆಳೆಯಷ್ಟು ಎಣ್ಣೆಯ ಗೆರೆ ಮಾತ್ರ.

ಮಿಕ್ಸಿಯಲ್ಲಿ ಮಾಡಬಹುದಲ್ಲ ಎಂದು ಕೇಳುವವರಿಗೆ: ಮಾಡಬಹುದು, ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಇಷ್ಟು ಕಡಿಮೆ ಪ್ರಮಾಣಕ್ಕೆ ಚಟ್ನಿ ಜಾರಿನ ಬ್ಲೇಡು ಅರ್ಧ ಗಾಳಿಯಲ್ಲಿ ತಿರುಗುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಜಾರ್ ಬೆಚ್ಚಗಾಗುತ್ತದೆ. ದೊಡ್ಡ ಪ್ರಮಾಣಕ್ಕೆ ಮಿಕ್ಸಿ, ಒಂದು ಬಾಟಲಿಗೆ ಕಡಗೋಲು.

ಎಣ್ಣೆಯ ಆಯ್ಕೆ

ಕೊಬ್ಬರಿ ಎಣ್ಣೆಯನ್ನು ಪ್ರಯತ್ನಿಸಬೇಡಿ. ಅದು 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಗಟ್ಟಿಯಾಗುವುದರಿಂದ ಫ್ರಿಜ್ಜಿನಲ್ಲಿ ಬಾಟಲಿಯ ಒಳಗೆ ಮೇಣದ ತುಂಡುಗಳು ಸಿಗುತ್ತವೆ. ಎಳ್ಳೆಣ್ಣೆ ಚೆನ್ನಾಗಿ ಹಿಡಿಯುತ್ತದೆ, ಆದರೆ ತಟ್ಟೆಯಲ್ಲಿ ಅದರದ್ದೇ ಮಾತು. ಹುಚ್ಚೆಳ್ಳೆಣ್ಣೆಯನ್ನು ಒಂದು ಚಮಚದಷ್ಟು ಸೇರಿಸಿದಾಗ ಬಂದ ಹುರಿಗಡಲೆಯಂತಹ ಪರಿಮಳ ನನಗೆ ಬಹಳ ಹಿಡಿಸಿತು, ಮನೆಯ ಉಳಿದವರಿಗೆ ಹಿಡಿಸಲಿಲ್ಲ. ಕೊನೆಗೆ ಮರದ ಗಾಣದ ಕಡಲೆಕಾಯಿ ಎಣ್ಣೆಯೇ ನಿಂತಿತು. ತರುವಾಗ ಮೂಸಿ ನೋಡಬೇಕು. ಕಮಟು ವಾಸನೆಯಿರುವ ಎಣ್ಣೆ ಕಾದ ಒಗ್ಗರಣೆಯಲ್ಲಿ ಮರೆಯಾಗಬಹುದು, ಹಸಿ ಡ್ರೆಸ್ಸಿಂಗಿನಲ್ಲಿ ಮರೆಯಾಗುವುದಿಲ್ಲ.

ಬಾಟಲಿ 5 ಮತ್ತು ತುಕ್ಕು ಹಿಡಿದ ಮುಚ್ಚಳ

ಐದನೆಯದು ರುಚಿಯಲ್ಲಿಯೂ ನಿಲುವಿನಲ್ಲಿಯೂ ಸರಿಯಾಗಿತ್ತು; ಕೆಟ್ಟದ್ದು ಮುಚ್ಚಳ. ಹಳೆಯ ಜಾಮ್ ಬಾಟಲಿಯ ತಗಡಿನ ಮುಚ್ಚಳದ ಒಳಬಳಿತ ಎಲ್ಲೋ ಗೀಚಿಹೋಗಿತ್ತು. ಎಂಟು ದಿನದ ಮೇಲೆ ತೆರೆದಾಗ ಅಂಚಿನಲ್ಲಿ ಕೆಂಪು ತುಕ್ಕು, ಡ್ರೆಸ್ಸಿಂಗಿಗೆ ಮೊಳೆ ಕಚ್ಚಿದ ರುಚಿ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ಬೆಳಗುವುದನ್ನು ಹುಟ್ಟಿದಂದಿನಿಂದ ನೋಡಿದ ನಾನು, ಅದೇ ಹುಣಸೆಯನ್ನು ಲೋಹದ ಮುಚ್ಚಳದ ಕೆಳಗೆ ವಾರಕ್ಕೂ ಹೆಚ್ಚು ಕಾಲ ಇಟ್ಟಿದ್ದೆ. ಪಾತ್ರೆಯನ್ನು ಫಳಫಳ ಹೊಳೆಸುವ ಹುಳಿ ಲೋಹದ ಮೇಲ್ಪದರವನ್ನು ಕರಗಿಸಿಯೇ ಹೊಳೆಸುವುದು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಅಡುಗೆ ಮಾಡಬಾರದೆಂದು ಹಿರಿಯರು ಹೇಳುತ್ತಿದ್ದುದೂ ಅದಕ್ಕೇ. ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ, ಎರಡನ್ನೂ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಬಳಸುವುದು ಕ್ಷೇಮ.

ಬೆಳ್ಳುಳ್ಳಿಯ ವಿಷಯವನ್ನು ಇಲ್ಲಿಯೇ ಹೇಳುತ್ತೇನೆ. ಸೊಸೆಗೆ ಬೆಳ್ಳುಳ್ಳಿ ಬೇಕಿತ್ತು. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಅಪಾಯಕರ. ಮಣ್ಣಿನಿಂದ ಬಂದಿರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಗಾಳಿಯಿಲ್ಲದ, ಹುಳಿಯಿಲ್ಲದ ಜಾಗದಲ್ಲಿ ಬೆಳೆದು ಭಯಂಕರ ವಿಷವನ್ನು ಉತ್ಪತ್ತಿ ಮಾಡಬಲ್ಲದು. ಪಿಎಚ್ ಅಂಕ ಕಡಿಮೆಯಾದಷ್ಟೂ ಹುಳಿ ಹೆಚ್ಚು; ಅದು 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನನ್ನ ಡ್ರೆಸ್ಸಿಂಗಿನಲ್ಲಿ ಅದ್ದಿದ ಕಾಗದ 3ರ ಬಣ್ಣವನ್ನು ತೋರಿಸಿತು. ಆದರೂ ಎರಡು ಎಸಳನ್ನು ಇಡಿಯಾಗಿ ಹಾಕದೆ, ಜಜ್ಜಿ, ಎಣ್ಣೆ ಸೇರುವ ಮೊದಲೇ ಹುಳಿ ರಸದಲ್ಲಿ ನೆನೆಸಿ, ಬಾಟಲಿಯನ್ನು ಫ್ರಿಜ್ಜಿನಲ್ಲಿಯೇ ಇಟ್ಟು, ಒಂದು ವಾರದಲ್ಲಿ ಮುಗಿಸುತ್ತೇವೆ. ಬೆಳ್ಳುಳ್ಳಿ ಇಲ್ಲದ್ದನ್ನು ಹತ್ತು ಹನ್ನೆರಡು ದಿನ ಇಟ್ಟಿದ್ದೇನೆ.

ಬಾಟಲಿ 6

ಈಗ ನಮ್ಮ ಮನೆಯಲ್ಲಿ ನೆಲೆಯಾದ ಅಳತೆ ಇದು. ಬೆಲ್ಲದ ಪಾಕ 45 ಗ್ರಾಂ, ಹೊಸ ಹುಣಸೆಯ ರಸ 30 ಗ್ರಾಂ, ನಿಂಬೆರಸ 30 ಗ್ರಾಂ, ಸಾಸಿವೆ 6 ಗ್ರಾಂ ಮತ್ತು ಅದನ್ನು ಕಲಸಲು ತಣ್ಣೀರು 15 ಮಿಲಿಲೀಟರ್, ಉಪ್ಪು 5 ಗ್ರಾಂ, ಶುಂಠಿರಸ ಒಂದು ಚಮಚ, ಕಡಲೆಕಾಯಿ ಎಣ್ಣೆ 80 ಮಿಲಿಲೀಟರ್, ಕೊನೆಯಲ್ಲಿ ಕುಟ್ಟಿದ ಕರಿಮೆಣಸು ಕಾಲು ಚಮಚ. ನಿಂಬೆಯನ್ನು ಹಿಂಡುವಾಗ ಬೀಜ ಬೀಳದಂತೆ ನೋಡಿಕೊಳ್ಳಬೇಕು. ರಸದಲ್ಲಿ ನೆನೆದ ಬೀಜ ಮರುದಿನ ಕಹಿ ಬಿಡುತ್ತದೆ. ಸಾಸಿವೆಯನ್ನು ಕಲಸಿಟ್ಟ ಹತ್ತು ನಿಮಿಷದಲ್ಲಿ ಉಳಿದ ರಸಗಳನ್ನು ತೂಗಿ ಕರಗಿಸಿದರೆ ಸಮಯ ಸರಿಹೋಗುತ್ತದೆ. ಎಣ್ಣೆಯನ್ನು ಬಿಡಲು ಈಗ ಇನ್ನೊಬ್ಬರು ಬೇಕಾಗಿಲ್ಲ: ಪಾತ್ರೆಯ ಮೇಲೆ ಕಟ್ಟಿದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ದಬ್ಬಣದಿಂದ ಒಂದು ತೂತು ಮಾಡಿ, ತಲೆಕೆಳಗಾಗಿ ನಿಲ್ಲಿಸಿದ್ದೇನೆ. ತಳವನ್ನು ಕತ್ತರಿಸಿ ತೆಗೆದಿರುವುದರಿಂದ ಗಾಳಿ ಆಡುತ್ತದೆ, ಎಣ್ಣೆ ಹನಿಹನಿಯಾಗಿ ತಾನೇ ಬೀಳುತ್ತದೆ. ಮೊದಲ ತೂತು ದೊಡ್ಡದಾಗಿ ಧಾರೆಯಾಯಿತು. ಎರಡನೆಯ ಮುಚ್ಚಳಕ್ಕೆ ಹೊಲಿಗೆಯ ಸೂಜಿ ಬಳಸಿದೆ.

ರುಚಿ ನೋಡುವ ವಿಧಾನವನ್ನು ಪತ್ನಿ ತಿದ್ದಿದಳು. ಚಮಚದಿಂದ ನೇರವಾಗಿ ನೆಕ್ಕಿದರೆ ಯಾವ ಡ್ರೆಸ್ಸಿಂಗ್ ಕೂಡ ಹುಳಿ ಹೆಚ್ಚು, ಉಪ್ಪು ಹೆಚ್ಚು ಎನಿಸುತ್ತದೆ. ಸೌತೆಕಾಯಿಯ ಹೋಳನ್ನು ಅದ್ದಿ ತಿಂದರೆ ಅದೇ ಸಪ್ಪೆ ಎನಿಸಬಹುದು. ಪರೀಕ್ಷೆ ತರಕಾರಿಯ ಜೊತೆಗೇ ಆಗಬೇಕು. ತಂಪಾದಾಗ ಸಿಹಿ ನಾಲಿಗೆಗೆ ಕಡಿಮೆ ತಿಳಿಯುವುದರಿಂದ, ಅಡುಗೆಮನೆಯ ಬೆಚ್ಚಗೆಯಲ್ಲಿ ಸ್ವಲ್ಪ ಸಿಹಿ ಮುಂದು ಎನಿಸುವಷ್ಟು ಪಾಕ ಹಾಕಿದರೆ ಫ್ರಿಜ್ಜಿನಿಂದ ತೆಗೆದಾಗ ಹದ ಸರಿಯಾಗಿರುತ್ತದೆ.

ಬಳಸುವಾಗಿನ ಒಂದು ತೊಂದರೆಯನ್ನೂ ಬಗೆಹರಿಸಬೇಕಾಯಿತು. ಎಷ್ಟು ಚೆನ್ನಾಗಿ ಮಾಡಿದರೂ ಬಟ್ಟಲಿನ ತಳದಲ್ಲಿ ನೀರು ನಿಂತು, ಡ್ರೆಸ್ಸಿಂಗ್ ತರಕಾರಿಯ ಮೇಲಿರದೆ ನೀರಿಗಿಳಿಯುತ್ತಿತ್ತು. ಉಪ್ಪೂ ಬೆಲ್ಲವೂ ಸೌತೆಕಾಯಿಯ ನೀರನ್ನು ಹೊರಗೆಳೆಯುತ್ತವೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕುವುದು ಇದೇ ಕಾರಣಕ್ಕೆ. ಸೌತೆಕಾಯಿಯನ್ನು ಹೆಚ್ಚಿ ಚಿಟಿಕೆ ಉಪ್ಪು ಬೆರೆಸಿ ಹದಿನೈದು ನಿಮಿಷ ಬಿಟ್ಟು, ಬಂದ ನೀರನ್ನು ಹಿಂಡಿ ತೆಗೆದು, ನೆನೆದ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಒಣಗಿಸಿ, ಆಮೇಲೆ ಎರಡು ಚಮಚ ಡ್ರೆಸ್ಸಿಂಗ್ ಹಾಕಿ ಕೈಯಿಂದ ಹಗುರವಾಗಿ ಕಲಸಿದರೆ ಹೋಳುಗಳಿಗೆ ತೆಳ್ಳನೆಯ ಪದರ ಅಂಟಿಕೊಳ್ಳುತ್ತದೆ. ಮೊದಲೇ ಉಪ್ಪು ಹಚ್ಚಿದ್ದರೆ ಡ್ರೆಸ್ಸಿಂಗಿನ ಉಪ್ಪನ್ನು 4 ಗ್ರಾಂಗೆ ಇಳಿಸಬೇಕು.

ಆಲೆಮನೆಯವರಿಗೆ ಒಂದು ಸಣ್ಣ ಸೀಸೆ ಕೊಟ್ಟಿದ್ದೆ. ಅವರು ಅದನ್ನು ತರಕಾರಿಯ ಮೇಲೆ ಹಾಕಿಕೊಳ್ಳದೆ ಬಿಸಿ ಅಕ್ಕಿರೊಟ್ಟಿಗೆ ಸವರಿಕೊಂಡು ತಿಂದರಂತೆ. ಸೀಸೆಯನ್ನು ತೊಳೆದು ವಾಪಸು ತಂದಾಗ ಅದರಲ್ಲಿ ಜೋನಿ ಬೆಲ್ಲ ತುಂಬಿತ್ತು. ಏಳನೆಯ ಬಾಟಲಿಗೆ ಪಾಕ ಕಾಯಿಸದೆ ಅದನ್ನೇ ಹಾಕಿ ನೋಡಲಿದ್ದೇನೆ. ಅದರಲ್ಲಿ ನೀರು ಎಷ್ಟಿದೆಯೆಂದು ತಿಳಿಯಲು 20 ಗ್ರಾಂ ತೂಗಿ ಒಲೆಯ ಮೇಲಿಟ್ಟು ಬಂದಿದ್ದೇನೆ.